ಕರಿತಲೆಯ ಬೆನ್ನುಹತ್ತಿ ಮೈಸೂರು ಸೀಮೆಗೆ

ಘಟ್ಟದ ಮೇಲಿನ ನಾಕಾ

ಮಂಗಳೂರಿನವರಾದ ನಮಗೆ ಮೈಸೂರು ಪರದೇಶವೇ ಸರಿ. ನಕ್ಷೆಯಲ್ಲಿ ನಾಲ್ಕು ಬೆರಳಿನಷ್ಟು ದೂರವಿದ್ದರೇನಾಯಿತು? ನಮ್ಮಲ್ಲಿ ಕಲೆಕ್ಟರು, ಅಲ್ಲಿ ಮಹಾರಾಜರು. ನಾವು ಕುಚ್ಚಲಕ್ಕಿ ಗಂಜಿ ಕುಡಿಯುವವರು, ಅವರು ರಾಗಿ ಮುದ್ದೆ ನುಂಗುವವರು. ಇಬ್ಬರೂ ಆಡುವುದು ಕನ್ನಡವಾದರೂ ನಾನು ಬಾಯಿ ತೆರೆದು "ಎಂತ" ಎಂದರೆ ಸಾಕು, ಅವರು ಸೆರಗಿನ ಮರೆಯಲ್ಲಿ ನಗುತ್ತಾರೆ. ಆದಕಾರಣ ನನ್ನ ಈ ಬರಹವನ್ನು ವಿದೇಶ ಪ್ರವಾಸವೆಂದೇ ತಿಳಿದು ಓದಬೇಕು.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಅಕ್ಕಿಯನ್ನು ಗಡಿ ದಾಟಿಸುವಂತಿರಲಿಲ್ಲ. ನಮ್ಮ ಬಸ್ಸು ಏದುಸಿರು ಬಿಡುತ್ತಾ ಘಟ್ಟ ಹತ್ತಿ ನಿಂತಾಗ ನಾಕಾದ ಜವಾನನೊಬ್ಬ ನನ್ನ ಟ್ರಂಕಿನ ಮೇಲೆ ಕೋಲಿನಿಂದ ಬಡಿದ.

"ಅಕ್ಕಿ ಐತೇನಮ್ಮಾ?"

"ಇಲ್ಲ."

ನನ್ನ ಮಾತನ್ನು ನಂಬದೆ ಮುಚ್ಚಳ ಎತ್ತಿದ. ಒಂದು ಜರಡಿ, ಭೂತಗನ್ನಡಿ, ಖಾಲಿ ಬಾಟಲಿಗಳು, ಉದ್ದನೆಯ ಚಿಮಟ ಕಂಡವು.

"ಏನಿದೆಲ್ಲಾ?"

"ಹಾವು ನೋಡಲಿಕ್ಕೆ."

ಅವನು ಒಂದು ಮಾರು ಹಿಂದೆ ಸರಿದು ಕೋಲಿನ ತುದಿಯಿಂದಲೇ ಮುಚ್ಚಳ ಮುಚ್ಚಿ, "ಹೋಗ್ಬನ್ನಿ ತಾಯಿ" ಎಂದ. ಜರಡಿಯ ಕೆಳಗೆ ತಂಗಿಗೆಂದು ಕಟ್ಟಿಕೊಂಡಿದ್ದ ಎರಡು ಸೇರು ಕುಚ್ಚಲಕ್ಕಿ ಹೀಗೆ ಕ್ಷೇಮವಾಗಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿತು.

ಹಾವಿನ ವಿಷಯ ಹೇಳಬೇಕು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎರಡು ವರ್ಷದ ಹಿಂದೆ ದೊಡ್ಡಬಳ್ಳಾಪುರದ ತಂಗಿಯ ಮನೆಗೆ ಹೋಗಿದ್ದಾಗ ಹಿತ್ತಲಿನ ತರಗೆಲೆ ರಾಶಿಯಲ್ಲಿ ಒಂದು ಪುಟ್ಟ ಹಾವು ಕಂಡಿದ್ದೆ. ಪೆನ್ಸಿಲಿನಷ್ಟು ದಪ್ಪ, ಒಂದೂವರೆ ಗೇಣು ಉದ್ದ. ತಲೆ ಕಪ್ಪು, ಕೊರಳಿಗೆ ಹಳದಿ ಪಟ್ಟಿ, ಕಂದು ಬೆನ್ನಿನ ನಡುವೆ ಉದ್ದಕ್ಕೂ ಸಣ್ಣ ಕರಿಚುಕ್ಕೆಗಳ ಒಂದೇ ಸಾಲು. ವಿಷವಿಲ್ಲ, ಕಚ್ಚುವ ಬುದ್ಧಿಯೂ ಇಲ್ಲ. ನಮ್ಮ ಘಟ್ಟದ ಕಾಡಿನಲ್ಲಿ ಅದನ್ನು ಕಂಡವಳಾದ್ದರಿಂದ ಗುರುತು ಹತ್ತಿತು. ನಾನದಕ್ಕೆ ಕರಿತಲೆ ಎಂದು ಹೆಸರಿಟ್ಟುಕೊಂಡಿದ್ದೆ. ಬಯಲುಸೀಮೆಯಲ್ಲೂ ಕರಿತಲೆ ಇದೆ ಎಂದು ಒಂದು ಇಂಗ್ಲಿಷ್ ಪತ್ರಿಕೆಗೆ ಅರ್ಧ ಪುಟ ಬರೆದು ಕಳಿಸಿದೆ.

ಮುಂದಿನ ಸಂಚಿಕೆಯಲ್ಲಿ ಮದರಾಸಿನ ಒಬ್ಬ ಪಂಡಿತರು ಎರಡು ಸಾಲಿನಲ್ಲಿ ನನ್ನನ್ನು ಮುಗಿಸಿದರು. ಇದು ಮಳೆಕಾಡಿನ ಹಾವು, ಒಣ ಬಯಲಿನಲ್ಲಿ ಶಾಲಾ ಶಿಕ್ಷಕಿಯೊಬ್ಬರು ಕಂಡದ್ದು ಬೇರಾವುದೋ ಹಾವಿನ ಮರಿ ಎಂದು ಬರೆದಿದ್ದರು. ನನ್ನ ಹೆಸರನ್ನೂ ಹಾಕಿರಲಿಲ್ಲ. ನಮ್ಮ ಶಾಲೆಯ ಗಣಿತದ ಟೀಚರಂತೂ ವರ್ಷವಿಡೀ "ನಿಮ್ಮ ಮರಿ ದೊಡ್ಡದಾಯಿತಾ?" ಎಂದು ವಿಚಾರಿಸಿಕೊಂಡರು. ಎಲ್ಲರೊಡನೆ ನಾನೂ ನಗುತ್ತಿದ್ದೆ, ಮನೆಗೆ ಬಂದು ಸಿಟ್ಟಿನಿಂದ ಕುದಿಯುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆನ್ನಿಸಿಕೊಳ್ಳುವುದು ಬಹಳ ಕಷ್ಟ.

ಕೊನೆಗೆ ಪಂಡಿತರಿಗೇ ಕಾಗದ ಹಾಕಿದೆ. ಅವರು ಮರ್ಯಾದೆಯಿಂದ ಉತ್ತರ ಬರೆದರು. ಒಂದು ಕಡೆ ಕಂಡರೆ ಸಾಲದು, ಹತ್ತಾರು ಕಡೆ ಕಂಡದ್ದನ್ನು ನಕ್ಷೆಯಲ್ಲಿ ಗುರುತಿಸಿ, ಜೀವಂತ ಹಾವನ್ನು ತಮ್ಮ ಕಣ್ಣೆದುರು ತೋರಿಸಿದರೆ ಅದೇ ಪತ್ರಿಕೆಯಲ್ಲಿ ಒಪ್ಪಿಕೊಳ್ಳುವುದಾಗಿ ಹೇಳಿದರು. ಮೇ ತಿಂಗಳ ಕೊನೆಯಲ್ಲಿ ನೆಂಟರ ಮದುವೆಗೆಂದು ಬೆಂಗಳೂರಿಗೆ ಬರುವವರಿದ್ದರು. ನನಗೆ ಬೇಸಿಗೆ ರಜೆಯ ಒಂದೂವರೆ ತಿಂಗಳಿತ್ತು.

ದೊಡ್ಡಬಳ್ಳಾಪುರ

ತಂಗಿ ಸುಮತಿಯ ಬೀದಿಯಲ್ಲಿ ಮನೆಗೊಂದು ಮಗ್ಗ. ಬೆಳಕು ಹರಿದರೆ ಲಟಪಟ ಸದ್ದು ಶುರು. ಅದರಿಂದಾಗಿ ಇಲ್ಲಿಯವರೆಲ್ಲ ಗಟ್ಟಿಯಾಗಿ ಮಾತಾಡಿ ಅಭ್ಯಾಸವಾಗಿ, ಮಗ್ಗ ನಿಂತಾಗಲೂ ಹಾಗೆಯೇ ಕೂಗುತ್ತಾರೆ. ನನ್ನ ಜೊತೆ ಪಿಸುಮಾತಿನಲ್ಲಿ ಬೆಳೆದ ತಂಗಿ "ಅಕ್ಕಾ, ಉಪ್ಪಿನಕಾಯಿ ಬೇಕಾ?" ಎಂದು ಕೇಳಿದ್ದು ಮೂರು ಮನೆಗೆ ಕೇಳಿಸಿತು.

ಹಿತ್ತಲಿಗೆ ಓಡಿದೆ. ನನ್ನ ತರಗೆಲೆ ರಾಶಿ ಇದ್ದ ಜಾಗದಲ್ಲಿ ಪಕ್ಕದ ಮನೆಯವರ ಹೊಸ ಮಗ್ಗದ ಕೊಟ್ಟಿಗೆ ಎದ್ದಿತ್ತು. ನನ್ನ ಒಂದೇ ಒಂದು ಪುರಾವೆ ಅದರ ತಳಪಾಯದ ಕೆಳಗೆ ಹೋಗಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ನನ್ನನ್ನು ಎಬ್ಬಿಸಿದವರು ತಂಗಿಯ ಗಂಡ ರಾಘವಯ್ಯ. ಸರ್ವೆ ಇಲಾಖೆಯವರು, ಚೈನು ಹಿಡಿದು ಹೊಲ ಅಳೆಯುವುದು ಅವರ ಕೆಲಸ. ಊಟಕ್ಕಿಂತ ನಕ್ಷೆಯ ಮೇಲೆ ಪ್ರೀತಿ.

"ಅತ್ತಿಗೆ, ಒಂದು ಹಿತ್ತಲು ಹೋದ್ರೆ ಹೋಯ್ತು ಬಿಡಿ. ಗುಂಡುತೋಪುಗಳು ಇವೆಯಲ್ಲ!"

ಗುಂಡುತೋಪು ಎಂದರೆ ಊರಿಗೆಲ್ಲ ಸೇರಿದ ಮರಗಳ ತೋಪು. ಮಾವು, ಹೊಂಗೆ, ನೇರಳೆ, ಹುಣಿಸೆ. ಈ ಸೀಮೆಯಲ್ಲಿ ಊರಿಗೊಂದಾದರೂ ಇದೆ. ಸಂತೆಗೆ ಹೋಗುವ ಗಾಡಿ ಅಲ್ಲೇ ಬಿಡುತ್ತಾರೆ, ಮದುವೆ ದಿಬ್ಬಣ ಅಲ್ಲೇ ತಂಗುತ್ತದೆ. ನಮ್ಮ ಕಡೆ ಯಾರೂ ಊರ ಮಧ್ಯೆ ಕಾಡು ಬೆಳೆಸುವುದಿಲ್ಲ, ಬೇಡವೆಂದರೂ ಅದೇ ಬೆಳೆಯುತ್ತದೆ. ಇಲ್ಲಿ ಅಜ್ಜಂದಿರು ನೀರು ಹೊತ್ತು ಬೆಳೆಸಿದ್ದಾರೆ. ಬಯಲಿನ ಬಿಸಿಲಲ್ಲಿ ನಡೆದು ಬಂದು ಆ ನೆರಳಿಗೆ ಹೊಕ್ಕರೆ ಕಾಲಡಿಯಲ್ಲಿ ಮೊಣಕಾಲಿನಷ್ಟು ತರಗೆಲೆ, ಅದರ ಕೆಳಗೆ ತಂಪು ಮಣ್ಣು. ಮಳೆಕಾಡಿನ ಹಾವಿಗೆ ಬೇಕಾದದ್ದು ಮಳೆಯಲ್ಲ, ಆ ತಂಪು ಎಂದು ನನಗೆ ಹೊಳೆದಿತ್ತು.

ರಾಘವಯ್ಯನವರು ಎರಡು ಭಾನುವಾರ ಬೆನ್ನು ಬಗ್ಗಿಸಿ ನಾಲ್ಕು ತಾಲ್ಲೂಕಿನ ತೋಪುಗಳನ್ನು ಒಂದೇ ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸಿಕೊಟ್ಟರು. ಅಷ್ಟು ಅಂದವಾದ ನಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರಲ್ಲಿ ಹಾವೊಂದು ಬಿಟ್ಟು ಎಲ್ಲವೂ ಇತ್ತು.

ನೆಲಮಂಗಲ

ರಾಘವಯ್ಯನವರು ಅಳತೆಗೆ ಕ್ಯಾಂಪು ಹೊರಟಾಗ ನಾನೂ ಜಟಕಾ ಹತ್ತಿದೆ. ನೆಲಮಂಗಲದಾಚೆ ಪಟೇಲರೊಬ್ಬರ ಮನೆಯಲ್ಲಿ ನಮ್ಮ ಬಿಡಾರ. ಎದುರಿಗೆ ಶಿವಗಂಗೆಯ ಬೆಟ್ಟ. ಮೊದಲ ಊಟದಲ್ಲಿ ಮುದ್ದೆಯನ್ನು ಅಗಿಯಲು ಹೋಗಿ ದವಡೆ ಅಂಟಿಕೊಂಡು, ಪಟೇಲರ ಪ್ರಶ್ನೆಗಳಿಗೆಲ್ಲ ತಲೆಯಲ್ಲಾಡಿಸಿ ಉತ್ತರ ಕೊಡಬೇಕಾಯಿತು.

ಮಾರನೆಯ ದಿನದಿಂದ ಮನೆಮನೆಗೆ ಹೋಗಿ ಹಾವಿನ ಚಿತ್ರ ತೋರಿಸಿ ಕೇಳತೊಡಗಿದೆ. ಏನು ಹೇಳಲಿ ನನ್ನ ಭಾಗ್ಯವನ್ನು!

"ಊ ಕಣಮ್ಮಾ, ಬೇಕಾದಷ್ಟು ಅವೆ."

"ನಮ್ ತೋಪಲ್ಲಿ ದಿನಾ ಕಾಣ್ತದೆ."

"ಬಾವಿ ತಾವ ಒಂದು, ಹುಣಸೆಮರದ ತಾವ ಎರಡು. ಬರ್ಕಳಿ."

ಬರೆದುಕೊಂಡೆ. ಮೂರು ದಿನದಲ್ಲಿ ನೆಲಮಂಗಲ ತಾಲ್ಲೂಕಿಗೆ ಸಿಡುಬು ಎದ್ದಂತೆ ಚುಕ್ಕೆಗಳಾದವು. ಪಂಡಿತರಿಗೆ ಕಳಿಸುವ ಕಾಗದದ ಒಕ್ಕಣೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದೆ. ಜರಡಿ ಹಿಡಿದು ಹೋದಲ್ಲಿ ಮಾತ್ರ ಒಂದು ಹಾವೂ ಕೈಗೆ ಸಿಗಲಿಲ್ಲ. ಚೇಳು ಸಿಕ್ಕಿತು, ಕಪ್ಪೆ ಸಿಕ್ಕಿತು, ಯಾರದೋ ಕಳೆದುಹೋದ ಕಾಲುಂಗುರ ಸಿಕ್ಕಿತು.

ನಾಲ್ಕನೆಯ ದಿನ ಜಗಲಿಯ ಮೇಲೆ ಕುಳಿತ ಒಬ್ಬ ಅಜ್ಜಿಗೆ, ಯಾಕೋ ಸಂಶಯ ಬಂದು, "ತಲೆಯ ಮೇಲೆ ಕೋಳಿಯ ಹಾಗೆ ಕೆಂಪು ಜುಟ್ಟು ಇರುವ ಹಾವು ಉಂಟಾ?" ಎಂದು ಕೇಳಿದೆ.

"ಅದೂ ಐತೆ ಕಣವ್ವ. ಮೊನ್ನೆ ಇಂಗೇ ಹೋಯ್ತು. ಮಜ್ಜಿಗೆ ಕುಡೀತೀಯಾ?"

ಅಂಥ ಹಾವು ಲೋಕದಲ್ಲೇ ಇಲ್ಲ. ಪಟೇಲರಲ್ಲಿಗೆ ಬಂದು ಹೀಗೆಲ್ಲ ಹೇಳಬಹುದೇ ಎಂದು ಜಗಳವಾಡಿದೆ. ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ಅಲ್ಲ ತಾಯಿ, ಅಷ್ಟು ದೂರದಿಂದ ಹೆಣ್ಮಗಳು ಬಂದು ಒಂದು ಹಾವು ಕೇಳ್ತಾವ್ರೆ. ಅದೂ ಇಲ್ಲ ಅಂದ್ಬಿಟ್ರೆ ಊರಿನ ಮಾನ ಏನಾಗ್ಬೇಕು?"

ನಮ್ಮ ಕಡೆ ಏನು ಕೇಳಿದರೂ ಮೊದಲು ಇಲ್ಲವೆನ್ನುತ್ತಾರೆ, ಆಮೇಲೆ ಒಳಗಿನಿಂದ ತಂದುಕೊಡುತ್ತಾರೆ. ಇಲ್ಲಿಯವರು ಇಲ್ಲದ್ದನ್ನೂ ಪ್ರೀತಿಯಿಂದ ಕೊಟ್ಟುಬಿಡುತ್ತಾರೆ. ರಬ್ಬರು ಹಿಡಿದು ಚುಕ್ಕೆಗಳನ್ನೆಲ್ಲ ಅಳಿಸಿದೆ. ರಜೆಯಲ್ಲಿ ಅರ್ಧ ಕಳೆದುಹೋಗಿತ್ತು. ಶಿವಗಂಗೆಯ ಬೆಟ್ಟ ನೋಡುತ್ತಾ ಕುಳಿತಾಗ ಅಳು ಬಂತು. ಪಂಡಿತರು ಹೇಳಿದ್ದೇ ಸರಿಯೇನೋ, ನಾನು ಕಂಡದ್ದು ಬೇರೇನೋ ಮರಿಯೇ ಇರಬಹುದೇನೋ ಎಂದು ಮೊದಲ ಸಲ ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಹುಟ್ಟಿತು.

ದೇವನಹಳ್ಳಿ

ದೇವನಹಳ್ಳಿಗೆ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಹೋದೆ. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳುತ್ತಾರೆ, ಹೆಂಗಸರು ಒಳಗೆ ಕುಳಿತು "ಇನ್ನೂ ಜೋರಾಗಿ" ಎನ್ನುತ್ತಾರೆ. ಅಂಥ ಮನಸ್ಥಿತಿಯಲ್ಲೂ ನನಗೆ ನಗು ಬಂತು.

ಇನ್ನು ಯಾರನ್ನೂ ಏನನ್ನೂ ಕೇಳುವುದಿಲ್ಲವೆಂದು ನಿಶ್ಚಯಿಸಿದ್ದೆ. ಊರಾಚೆಯ ದೊಡ್ಡ ತೋಪಿನಲ್ಲಿ ಏಳೆಂಟು ಹೆಂಗಸರು ಕಡ್ಡಿ ಪೊರಕೆ ಹಿಡಿದು ತರಗೆಲೆ ಗುಡಿಸಿ, ದೊಡ್ಡ ದೊಡ್ಡ ಮಂಕರಿಗಳಿಗೆ ತುಂಬುತ್ತಿದ್ದರು. ಬೇಸಿಗೆಯಲ್ಲಿ ಹೀಗೆ ಗುಡಿಸಿದ್ದನ್ನು ತಿಪ್ಪೆಗೆ ಹಾಕಿ, ಮಳೆ ಬಿದ್ದ ಮೇಲೆ ಗೊಬ್ಬರವಾಗಿ ಹೊಲಕ್ಕೆ ಹೊರುವುದು ಇಲ್ಲಿಯ ಪದ್ಧತಿ. ಅವರ ಮುಂದಾಳು ಮುನಿಯಮ್ಮ ಎಂಬ ಐವತ್ತರ ಹೆಂಗಸು. ಬಾಯಲ್ಲಿ ಎಲೆಯಡಿಕೆ, ಮಾತು ಕಡಿಮೆ, ಕಣ್ಣು ಚುರುಕು. ನಾನೂ ಒಂದು ಪೊರಕೆ ಕೇಳಿ ಪಡೆದು ಗುಡಿಸತೊಡಗಿದೆ. ಯಾರೋ ಮೇಷ್ಟ್ರಮ್ಮನಿಗೆ ತಲೆ ಕೆಟ್ಟಿದೆ ಎಂದು ಅವರು ಸುಮ್ಮನಿದ್ದರು.

ತೋಪೆಲ್ಲ ಕನ್ನಡಿಯಂತೆ ಗುಡಿಸಿದ್ದರೂ ಒಂದು ಹೊಂಗೆಮರದ ಬುಡದಲ್ಲಿ ಮಾತ್ರ ಗುಂಡಗೆ, ಒಂದು ಕಣದಷ್ಟು ಜಾಗ ಗುಡಿಸದೆ ಬಿಟ್ಟಿದ್ದರು. ಮರೆತಿದ್ದಾರೆ, ನಾನಾದರೂ ಉಪಕಾರ ಮಾಡೋಣವೆಂದು ಪೊರಕೆ ಎತ್ತಿದೆ. ಮುನಿಯಮ್ಮ ಓಡಿಬಂದು ನನ್ನ ಕೈಹಿಡಿದಳು.

"ಅಯ್ಯೋ, ಅದ್ ಬ್ಯಾಡ ಕಣ್ರಮ್ಮ! ಅಲ್ಲಿ ಹುಳ ಐತೆ."

ಹುಳ ಎಂದರೆ ಈ ಹೆಂಗಸರ ಮಾತಿನಲ್ಲಿ ಹಾವು. ಹೆಸರು ಹಿಡಿದು ಕರೆಯುವುದಿಲ್ಲ. ನಾನು ಪೊರಕೆ ಕೆಳಗಿಟ್ಟು, "ಹಾವು ಕಂಡಲ್ಲೆಲ್ಲ ಹೀಗೆ ಬಿಡುತ್ತೀರಾ?" ಎಂದೆ.

"ದೊಡ್ಡವಕ್ಕೆ ಯಾಕೆ ಬಿಡ್ತೀವಿ? ಪೊರಕೆ ಸದ್ದಿಗೇ ಓಡೋಯ್ತವೆ. ಈ ಸಣ್ಣದು ಓಡಕಿಲ್ಲ, ಎಲೆ ಅಡೀಲಿ ಅಂಗೇ ಮಲಗಿರ್ತದೆ. ಪೊರಕೆ ಕಡ್ಡಿಗೇ ಸೀಳೋಗ್ತದೆ. ಸತ್ರೆ ಸುಮ್ನೆ ಎಸೆಯಂಗಿಲ್ಲವಲ್ಲ. ಬಟ್ಟೆ ಸುತ್ತಿ, ಹಾಲು ತುಪ್ಪ ಬಿಟ್ಟು, ಸುಟ್ಟು, ತಲೆ ಮೇಲೆ ನೀರು ಹಾಕ್ಕೊಂಡು ಬರೋಷ್ಟರಲ್ಲಿ ಮಧ್ಯಾಹ್ನ. ಕೆಲಸ ಯಾವಾಗ ಮಾಡಾದು? ಅದ್ಕೇ ಕಂಡ ಮರದ ಬುಡ ಒಂದು ಮಳೆ ಬೀಳೋಗಂಟ ಬಿಟ್ಬಿಡ್ತೀವಿ."

"ಎಲ್ಲ ಊರಿನವರೂ?"

"ಪೊರಕೆ ಹಿಡಿಯೋರೆಲ್ಲ."

ಇಷ್ಟು ದಿನ ನಾನು ಕಾಗದ ಹಿಡಿದು ಬರೆಯಲು ಅಲೆಯುತ್ತಿದ್ದ ನಕ್ಷೆಯನ್ನು ಈ ಹೆಂಗಸರು ವರ್ಷ ವರ್ಷವೂ ನೆಲದ ಮೇಲೇ ಬರೆಯುತ್ತಿದ್ದರು. ಆ ಗುಂಡನೆಯ ಜಾಗಗಳನ್ನು ನೆಲಮಂಗಲದಲ್ಲೂ ನೋಡಿದ್ದೆ. ಸೋಮಾರಿ ಕೆಲಸವೆಂದು ಮನಸ್ಸಿನಲ್ಲೇ ಬೈದು ಮುಂದೆ ಹೋಗಿದ್ದೆ.

ಆದರೆ ಸಣ್ಣ ಹಾವೆಂದರೆ ಕರಿತಲೆಯೇ ಎಂದು ಏನು ಗ್ಯಾರಂಟಿ? ಚಿತ್ರ ತೋರಿಸಿದರೆ ಮತ್ತೆ "ಊ ಕಣಮ್ಮಾ" ಆದೀತು. "ನೀನೇ ಬರೆದು ತೋರಿಸು" ಎಂದೆ. ಅವಳು ಗುಡಿಸಿದ ನೆಲದ ಮೇಲೆ ಬೆರಳಿನಿಂದ, ದಿನಾ ಬೆಳಿಗ್ಗೆ ರಂಗೋಲಿ ಎಳೆಯುವ ಕೈಯಿಂದ, ಒಂದೇ ಎಳೆಯಲ್ಲಿ ಹಾವು ಬರೆದಳು. ತಲೆಗೆ ಎಲೆಯಡಿಕೆ ಚೀಲದಿಂದ ಹೊಗೆಸೊಪ್ಪಿನ ಚೂರು ಇಟ್ಟಳು. ಕೊರಳಿಗೆ ಹೊಂಗೆಯ ಹಣ್ಣೆಲೆ ಹರಿದು ಹಳದಿ ಪಟ್ಟಿ. ಆಮೇಲೆ ಬೆನ್ನಿನ ಮೇಲೆ ಟಕಟಕನೆ ಚುಕ್ಕಿ ಇಡತೊಡಗಿದಾಗ ಇನ್ನೊಬ್ಬಳು ತಡೆದು, "ಎರಡು ಸಾಲು ಕಣಕ್ಕ" ಎಂದಳು.

"ಎರಡಲ್ಲ, ಒಂದೇ. ನಿನ್ ಕಣ್ಣು ಸರಿಯಿಲ್ಲ."

ನಾನು ಮಂಡಿಯೂರಿ ಆ ಹೊಂಗೆಯ ಬುಡದಲ್ಲಿ ಎಲೆಗಳನ್ನು ಒಂದೊಂದಾಗಿ ಎತ್ತಿದೆ. ಬೇರಿನ ಸಂದಿಯ ಒದ್ದೆ ಮಣ್ಣಿನ ಮೇಲೆ ಅದು ಮಲಗಿತ್ತು. ಕರಿ ತಲೆ, ಹಳದಿ ಕೊರಳು, ಒಂದೇ ಸಾಲು ಚುಕ್ಕೆ. ಅಂಗೈಗೆ ತೆಗೆದುಕೊಂಡರೆ ಬೆರಳುಗಳ ನಡುವೆ ತಣ್ಣಗೆ ಹರಿಯಿತು. ಎರಡು ವರ್ಷದ ಹೊಟ್ಟೆಯುರಿ ಆ ತಣ್ಣನೆಯ ಸ್ಪರ್ಶಕ್ಕೆ ಇಳಿದುಹೋಯಿತು. ನಾನು ಅಳುತ್ತಾ ನಗುತ್ತಿದ್ದೆ. ಮುನಿಯಮ್ಮ ಎರಡು ಸಾಲೆಂದವಳ ಕಡೆ ತಿರುಗಿ, "ನೋಡ್ದಾ? ಒಂದೇ ಸಾಲು" ಎಂದಳು.

ಆಮೇಲಿನ ಮೂರು ವಾರ ಹೇಗೆ ಓಡಿತೋ ತಿಳಿಯದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಮತ್ತೆ ನೆಲಮಂಗಲ. ತೋಪಿಗೆ ಹೊಕ್ಕು, ಗುಡಿಸದ ಬುಡ ಹುಡುಕಿ, ಎಲೆ ಎತ್ತಿ ನೋಡುವುದು. ಕೆಲವು ಕಡೆ ಬರಿಗೈ, ಒಮ್ಮೊಮ್ಮೆ ಎರೆಹುಳದಂಥ ಕುರುಡು ಹಾವು, ಉಳಿದೆಡೆ ಕರಿತಲೆ. ಕಣ್ಣಾರೆ ಕಂಡಲ್ಲಿ ತುಂಬಿದ ಚುಕ್ಕೆ ಇಟ್ಟೆ. ಈ ನಡುವೆ ಸಂತೆಗೆ ಬಂದ ಹೆಂಗಸರಿಂದ ಮುನಿಯಮ್ಮನೂ ಸುದ್ದಿ ತರಿಸುತ್ತಿದ್ದಳು. ಅಂಥ ಕಡೆ, ನಾನಿನ್ನೂ ನೋಡದ ಊರಿಗೆ, ಬರಿಯ ಸೊನ್ನೆ ಹಾಕಿದೆ. ರಾಘವಯ್ಯನವರು ನಕ್ಷೆಯನ್ನು ಎಳೆಮಗುವಿನಂತೆ ಎತ್ತಿಕೊಂಡು ನನ್ನ ಹಿಂದೆ ಬರುತ್ತಿದ್ದರು.

ಹೊಸಕೋಟೆ

ಪಂಡಿತರು ಮದುವೆ ಊಟ ಮುಗಿಸಿ ಹೇಳಿದ ದಿನಕ್ಕೇ ದೇವನಹಳ್ಳಿಗೆ ಬಂದರು. ಜರಿಪೇಟ, ಮುಚ್ಚು ಕೋಟು, ಬೆಳ್ಳಿ ಕಟ್ಟಿನ ಕನ್ನಡಕ. ವಿಚಾರಿಸಿದರೆ ಹುಟ್ಟಿದ್ದು ಮೈಸೂರು ಸೀಮೆಯಲ್ಲೇ! ಪರದೇಶದವಳಾದ ನಾನು ಅವರ ಊರಿನ ಹಾವನ್ನು ಅವರಿಗೆ ತೋರಿಸಬೇಕಾಗಿತ್ತು. ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಈ ಸೊನ್ನೆಗಳೇನು?"

"ನಾನು ಇನ್ನೂ ಹೋಗದ ತೋಪುಗಳು. ಗುಡಿಸುವ ಹೆಂಗಸರು ಹೇಳಿದ್ದು."

"ಹಾಗಾದರೆ ನೀವು ನೋಡಿದ ಜಾಗ ಬೇಡ. ಅಲ್ಲಿ ಹಾವು ಇರುವ ಏರ್ಪಾಟು ಮಾಡಿರಬಹುದು ಎಂದು ಜನ ಅಂದಾರು. ಈ ಸೊನ್ನೆಗೆ ಹೋಗೋಣ" ಎಂದು ಹೊಸಕೋಟೆಯಾಚೆಯ ಒಂದು ಊರಿನ ಮೇಲೆ ಬೆರಳಿಟ್ಟರು.

ಆ ಊರು ಮುನಿಯಮ್ಮನ ಮಗಳನ್ನು ಕೊಟ್ಟ ಊರು. ಅವಳ ಬಾಯಿಮಾತಿನ ಹೊರತು ನನ್ನ ಬಳಿ ಬೇರೇನೂ ಇರಲಿಲ್ಲ. ಅದು ಸುಳ್ಳಾದರೆ ಉಳಿದ ಚುಕ್ಕೆಗಳೂ ಸುಳ್ಳಾದಂತೆಯೇ. ಮುನಿಯಮ್ಮ ಮಾತ್ರ ಮಗಳನ್ನು ನೋಡುವ ಯೋಗ ಬಂತೆಂದು ಖುಷಿಯಿಂದ ಸೀರೆ ಬದಲಾಯಿಸಿ ಬಂದಳು.

ಮದರಾಸು ರಸ್ತೆ ಬಿಟ್ಟು ಗಾಡಿಜಾಡಿನಲ್ಲಿ ಇಳಿದರೆ ತೋಪು. ಗುಡಿಸಿ ಚೊಕ್ಕಟವಾಗಿತ್ತು. ಒಂದು ನೇರಳೆಮರದ ಕೆಳಗೆ ಮಾತ್ರ ಗುಂಡನೆಯ ಎಲೆಯ ಹಾಸು. ಪಂಡಿತರು ಪೇಟ ತೆಗೆದು ರಾಘವಯ್ಯನವರ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ತಾವೇ ಕುಳಿತರು. ನನ್ನನ್ನು ಹತ್ತಿರ ಸೇರಿಸಲಿಲ್ಲ. ಒಂದು ಬದಿ ಎತ್ತಿದರು, ಏನೂ ಇಲ್ಲ. ಇನ್ನೊಂದು ಬದಿ, ಏನೂ ಇಲ್ಲ. ಜೇಬಿನಿಂದ ಗಡಿಯಾರ ತೆಗೆದು ನೋಡಿದರು.

ಮುನಿಯಮ್ಮನಿಗೆ ತಡೆಯಲಾಗಲಿಲ್ಲ. "ಮ್ಯಾಲೆ ಮ್ಯಾಲೆ ಕೆರಕಿದ್ರೆ ಸಿಕ್ತದಾ ಸ್ವಾಮೀ? ಬೇರಿನ ಸಂದಿಗೆ ಕೈ ಹಾಕಿ."

ಪಂಡಿತರು ಕೈ ಹಾಕಿದರು. ಒದ್ದೆ ಎಲೆಯ ಒಂದು ಪದರ ಎದ್ದಿತು. ಕರಿತಲೆ ಹೊರಬಂದು ಅವರ ಮಣಿಕಟ್ಟಿನ ಮೇಲೆ ಹತ್ತಿ, ಅಂಗಿಯ ತೋಳಿನೊಳಗೆ ನುಗ್ಗಲು ನೋಡಿತು.

"ಅರೆ!" ಎಂದರು ಪಂಡಿತರು. ಎಲ್ಲ ಪಾಂಡಿತ್ಯವೂ ಹೋಗಿ, ಮುಖ ಬಾಲಕನಂತಾಗಿತ್ತು. ಭೂತಗನ್ನಡಿ ಹಿಡಿದು ತಲೆಯ ಹುರುಪೆ ನೋಡಿದರು, ಮೈಮೇಲಿನ ಹುರುಪೆಗಳ ಸಾಲು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಅನಂತರ ಚೀಲದಿಂದ ಸ್ಪಿರಿಟ್ ತುಂಬಿದ ಬಾಟಲಿ ತೆಗೆದರು.

ಮುನಿಯಮ್ಮ ಅಡ್ಡ ನಿಂತಳು. "ಅದ್ರಾಗ್ ಹಾಕಿದ್ರೆ ಸಾಯ್ತದಾ?"

"ಹೌದಮ್ಮಾ, ಶಾಸ್ತ್ರಕ್ಕೆ ಬೇಕು."

"ನಮ್ ಶಾಸ್ತ್ರಾನೂ ಐತಲ್ಲ. ಹಾಲು ತುಪ್ಪ ನೀವು ಬಿಡ್ತೀರಾ? ಇಲ್ಲೇ ಬಾವಿ ಐತೆ, ತಲೆ ಮೇಲೆ ನೀರು ಹಾಕ್ಕೋತೀರಾ?"

ಪಂಡಿತರು ತಮ್ಮ ಮದುವೆ ಕೋಟನ್ನೊಮ್ಮೆ, ಬಾವಿಯನ್ನೊಮ್ಮೆ ನೋಡಿ ಬಾಟಲಿಯನ್ನು ಚೀಲಕ್ಕೆ ಹಾಕಿದರು. ಹಾವನ್ನು ಮೆಲ್ಲಗೆ ಬೇರಿನ ಸಂದಿಗೆ ಬಿಟ್ಟು, ಎಲೆಗಳನ್ನು ಮತ್ತೆ ಮುಚ್ಚಿದರು.

"ನನ್ನ ಕಣ್ಣೇ ಸಾಕು" ಎಂದು ನನ್ನ ಕಡೆ ತಿರುಗಿದರು. "ನಾನು ಬರೆದದ್ದು ತಪ್ಪು. ನೀವು ಕಂಡದ್ದು ಸರಿ. ಮುಂದಿನ ಸಂಚಿಕೆಯಲ್ಲಿ ಹಾಗೆಂದೇ ಬರೆಯುತ್ತೇನೆ, ಈ ಸಲ ನಿಮ್ಮ ಹೆಸರು ಹಾಕಿ."

ನಾನು ಶಾಲೆಯಲ್ಲಿ ಮಕ್ಕಳು ಕೂಗಿದರೆ ಬೆಂಚಿನ ಮೇಲೆ ನಿಲ್ಲಿಸುವವಳು. ಆವತ್ತು ಆ ತೋಪಿನಲ್ಲಿ ಚಪ್ಪಾಳೆ ತಟ್ಟಿ, "ಗೆದ್ದೆ ಮಾರಾಯ್ತಿ, ಗೆದ್ದೆ!" ಎಂದು ಮುನಿಯಮ್ಮನನ್ನು ತಬ್ಬಿಕೊಂಡು ಕೂಗಿದೆ. ಮರದ ಮೇಲಿನ ಗಿಣಿಗಳೆಲ್ಲ ಎದ್ದು ಹಾರಿದವು.

"ಸರಿ, ನೀವು ಗೆದ್ರಿ" ಎಂದಳು ಮುನಿಯಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ. "ಹುಳ ಎಲ್ಲೈತೆ ಅಂತ ಹೇಳಿದ್ದು ನಾವಲ್ವಾ?"

ಪಂಡಿತರು ಅವಳ ಹೆಸರು ಕೇಳಿ ಬರೆದುಕೊಂಡರು, ಮಗಳ ಹೆಸರನ್ನೂ ಬರೆದುಕೊಂಡರು. ನಾನು ನಕ್ಷೆಯನ್ನು ಗಾಡಿಯ ಹಲಗೆಯ ಮೇಲೆ ಬಿಡಿಸಿ ಪೆನ್ಸಿಲನ್ನು ಮುನಿಯಮ್ಮನ ಕೈಗೆ ಕೊಟ್ಟು, ಆ ಊರಿನ ಸೊನ್ನೆಯನ್ನು ಅವಳೇ ತುಂಬಬೇಕೆಂದೆ. ಅವಳು ಪೆನ್ಸಿಲ್ ಹಿಡಿದದ್ದು ಅದೇ ಮೊದಲು. ರಾಗಿಕಲ್ಲಿನ ಗೂಟ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು, ತುಟಿ ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಪೆನ್ಸಿಲು ಬಟ್ಟೆಯನ್ನು ತೂರಿ ಹಲಗೆಗೆ ನಾಟಿತು. ರಾಘವಯ್ಯನವರು "ಅಯ್ಯಯ್ಯೋ, ನನ್ನ ನಕ್ಷೆ!" ಎಂದು ತಲೆಯ ಮೇಲೆ ಕೈಹೊತ್ತರು.

ಚುಕ್ಕೆಗಳೆಲ್ಲ ತುಂಬಿದ ಆ ನಕ್ಷೆ ಈಗ ನನ್ನ ಕೋಣೆಯ ಗೋಡೆಯ ಮೇಲಿದೆ. ಹೊಸಕೋಟೆ ತಾಲ್ಲೂಕಿನಲ್ಲಿ ಕರಿತಲೆ ಎಲ್ಲಿ ಉಂಟು ಎಂದು ಕೇಳಿದವರಿಗೆ ನಾನು ಬೆರಳಿಟ್ಟು ತೋರಿಸುವುದು ಮುನಿಯಮ್ಮ ಮಾಡಿದ ತೂತನ್ನೇ.